ಸಹಿ ಹಾಕುವ ಮೊದಲು ಜತೆಗೊಬ್ಬರು

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಸದಸ್ಯರಿಗೆ ಮತ್ತು ನಮ್ಮ ಹೊಟೇಲು ಮಾಲೀಕರಿಗೆ



ನಮ್ಮವರೊಬ್ಬರು ಬೈಕಿನಿಂದ ಬಿದ್ದರೆಂದು ರಾತ್ರಿ ಸುದ್ದಿ ಬಂದರೆ ಬೆಳಗಾಗಲಿ ಎಂದು ಕಾಯುವವರು ನೀವಲ್ಲ. ರಕ್ತ ಕೊಡುವವರು, ಆಸ್ಪತ್ರೆಗೆ ಮುಂಗಡ ಕಟ್ಟುವವರು, ಊರಿಂದ ಓಡಿಬರುವ ತಂದೆತಾಯಿಗೆ ಉಳಿಯಲು ಜಾಗ ಮಾಡಿಕೊಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೆಟ್ಟದ್ದೇ ನಡೆದುಹೋದರೆ, ದೇಹವನ್ನು ಕುಂದಾಪುರಕ್ಕೋ ಇಂಡಿಗೋ ಕಳಿಸುವ ಆಂಬುಲೆನ್ಸಿನ ಬಾಡಿಗೆಯನ್ನು ಆ ಮನೆಯವರಿಂದ ನೀವು ಕೇಳಿದ್ದನ್ನು ನಾನು ಕಂಡಿಲ್ಲ. ನಾನು ಬರೆಯಹೊರಟಿರುವುದು ಅದರ ನಂತರದ ಆರೇಳು ತಿಂಗಳ ಬಗ್ಗೆ. ಆಗ ಆ ಮನೆಯವರ ಹತ್ತಿರ ಯಾರೂ ಇರುವುದಿಲ್ಲ. ಪೊಲೀಸರು, ಆಸ್ಪತ್ರೆಯವರು, ವಿಮಾ ಕಂಪನಿಯವರು, ಕಮಿಷನ್ನಿಗೆ ಕೇಸು ಹಿಡಿದುಕೊಡುವವರು ಒಬ್ಬರಾದ ಮೇಲೊಬ್ಬರು ಕಾಗದ ಚಾಚುತ್ತಾರೆ. ಮರಾಠಿ ಓದಲು ಬಾರದ, ಇಂಗ್ಲಿಷ್ ಅರ್ಥವಾಗದ ಒಬ್ಬ ತಾಯಿ ತೋರಿಸಿದಲ್ಲಿ ಸಹಿ ಹಾಕುತ್ತಾಳೆ. ಸಂಘ ಕೂಡಿಸಿಕೊಟ್ಟ ಐವತ್ತು ಸಾವಿರ, ಒಂದು ಲಕ್ಷದ ಎಷ್ಟೋ ಪಟ್ಟು ಹಣ ಆ ಒಂದು ಸಹಿಯಲ್ಲಿ ಹೋಗಿಬಿಡುತ್ತದೆ. ಆ ಹೊತ್ತಿನಲ್ಲಿ ಆಕೆಯ ಪಕ್ಕದಲ್ಲಿ ಸಂಘದ ಒಬ್ಬರು ಕುಳಿತಿರಬೇಕು ಎಂಬುದು ನನ್ನ ಬೇಡಿಕೆ. ಯಾಕೆಂದು ವಿವರವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಮೊದಲ ನಷ್ಟ ಆಸ್ಪತ್ರೆಯ ಬಾಗಿಲಲ್ಲೇ ಆಗುತ್ತದೆ. ಕಲ್ಯಾಣ–ಶಿಳ್ ರಸ್ತೆಯಲ್ಲಿ ಟೆಂಪೋ ತಾಗಿ ಬಿದ್ದ ಹುಡುಗನನ್ನು ಗೆಳೆಯರು ರಿಕ್ಷಾದಲ್ಲಿ ಎತ್ತಿ ತರುತ್ತಾರೆ. ಹೇಗಾಯಿತೆಂದು ಡಾಕ್ಟರು ಕೇಳಿದರೆ ‘ಗಾಡಿ ಸ್ಲಿಪ್ ಆಯಿತು’ ಎಂದುಬಿಡುತ್ತಾರೆ. ಪೊಲೀಸ್ ಕೇಸು ಎಂದರೆ ಚಿಕಿತ್ಸೆ ತಡವಾದೀತು, ತಮ್ಮನ್ನೂ ಸ್ಟೇಶನ್ನಿಗೆ ಅಲೆಸಿಯಾರು ಎಂಬ ಹೆದರಿಕೆ ಅವರಿಗೆ. ಡಾಕ್ಟರು ಅದನ್ನೇ ಕೇಸ್ ಪೇಪರಿನ ಮೊದಲ ಸಾಲಿನಲ್ಲಿ ಬರೆದುಕೊಳ್ಳುತ್ತಾರೆ. ವರ್ಷದ ಮೇಲೆ ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ತೆಗೆದು ತೋರಿಸುವುದು ಆ ಸಾಲನ್ನೇ: ಇವನು ತಾನಾಗಿ ಬಿದ್ದವನು, ಟೆಂಪೋ ಆಮೇಲೆ ಸೇರಿಸಿದ್ದು. ಇದನ್ನು ಸುಳ್ಳೆಂದು ಸಾಧಿಸುವುದು ಬಹಳ ಕಷ್ಟ. ಗಾಯಾಳುವನ್ನು ಕರೆತಂದವರಿಗೆ ಕಾನೂನಿನ ರಕ್ಷಣೆ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮಿನ ಪ್ರಕಾರ ಸದುದ್ದೇಶದಿಂದ ನೆರವಾದವರ ಮೇಲೆ ಹೊಣೆ ಹೊರಿಸುವಂತಿಲ್ಲ. ಹೀಗಾಗಿ ನಡೆದದ್ದನ್ನು ನಡೆದಂತೆ ಹೇಳಿ, ವಾಹನದ ನಂಬರು ಗೊತ್ತಿದ್ದರೆ ಬರೆಸಿ. ಈಗ ಇನ್ನೊಂದು ಕಾರಣವೂ ಇದೆ. 2025ರ ಮೇ 5ರಿಂದ ಜಾರಿಯಲ್ಲಿರುವ ಕೇಂದ್ರದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಅಪಘಾತದ ದಿನದಿಂದ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕದ ಚಿಕಿತ್ಸೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಸಿಗುತ್ತದೆ. ಅದಕ್ಕೆ ಪೊಲೀಸರ ದೃಢೀಕರಣ ಬೇಕು. ಪೊಲೀಸರಿಂದ ಮುಚ್ಚಿಟ್ಟರೆ ಅದೂ ಇಲ್ಲ.

ಎರಡನೆಯದು ಪೊಲೀಸರೆದುರಿನ ಜಬಾಬು. ಪಂಚನಾಮೆ, ಹೇಳಿಕೆ ಎಲ್ಲವೂ ಮರಾಠಿಯಲ್ಲಿ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಅದು ತೊಡಕಲ್ಲ. ಯಾದಗಿರಿಯಿಂದಲೋ ಬೈಂದೂರಿನಿಂದಲೋ ಮೊನ್ನೆ ಮೊನ್ನೆ ಬಂದು ಹೊಟೇಲು ಸೇರಿದ ಹುಡುಗನಿಗೆ ಬೀದಿಯ ಮಾತು ಬರುತ್ತದೆ, ಪೊಲೀಸ್ ಮರಾಠಿ ತಿಳಿಯುವುದಿಲ್ಲ. ಓದಿ ಹೇಳಿಸಿಕೊಂಡು, ತಪ್ಪಿದ್ದರೆ ತಿದ್ದಿಸಿ, ಆಮೇಲೆ ಸಹಿ ಹಾಕುವುದು ಅವನ ಹಕ್ಕು. ನಿಮ್ಮಲ್ಲಿ ಮರಾಠಿ ಶಾಲೆಯಲ್ಲಿ ಪಾಠ ಹೇಳಿದವರು, ಪಾಲಿಕೆಯಲ್ಲಿ ದುಡಿದು ನಿವೃತ್ತರಾದವರು ಇದ್ದಾರಲ್ಲ, ಅವರ ಒಂದು ಗಂಟೆ ಸಾಕು.

ಸಾಕ್ಷ್ಯದ ಬಗ್ಗೆ ಹೊಟೇಲಿನವರಿಗೆ ವಿಶೇಷವಾಗಿ ಹೇಳಬೇಕು. ಘೋಡ್‌ಬಂದರ್ ರಸ್ತೆ, ಥಾಣೆ–ಬೇಲಾಪುರ ರಸ್ತೆ, ಸಾಯನ್–ಪನ್ವೇಲ್ ಹೆದ್ದಾರಿಯ ಅಂಚಿನಲ್ಲೆಲ್ಲ ನಮ್ಮವರ ಹೊಟೇಲುಗಳಿವೆ, ಅವುಗಳ ಮುಂದೆ ಕ್ಯಾಮೆರಾಗಳಿವೆ. ಆ ಚಿತ್ರಗಳು ಕೆಲವೇ ದಿನದಲ್ಲಿ ತಾವಾಗಿ ಅಳಿಸಿಹೋಗುತ್ತವೆ. ಅಂಗಡಿ ಮುಂದೆ ಅಪಘಾತವಾದರೆ, ಬಿದ್ದವನು ಯಾವ ಭಾಷೆಯವನೇ ಆಗಿರಲಿ, ಅದೇ ದಿನ ಅದನ್ನು ತೆಗೆದಿಟ್ಟು ಪೊಲೀಸರಿಗೆ ತಿಳಿಸಿ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಕಾನೂನು ಕೊಡುವುದು ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಮಾತ್ರ. ಅದನ್ನು ತಹಶೀಲ್ದಾರ್ ಅಥವಾ ಉಪವಿಭಾಗದ ಅಧಿಕಾರಿಯ ಹತ್ತಿರ ಕೇಳಬೇಕು. ವಾಹನದ ನಂಬರು ಸಿಕ್ಕರೆ ಆ ಕುಟುಂಬದ ಲೆಕ್ಕವೇ ಬೇರೆಯಾಗುತ್ತದೆ.

ಎಷ್ಟು ಬೇರೆ ಎಂಬುದನ್ನು ನೀವೆಲ್ಲ ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕು. ಲೆಕ್ಕಕ್ಕಾಗಿ 24 ವರ್ಷದ, ಮದುವೆಯಾಗದ, ತಿಂಗಳಿಗೆ 18,000 ಪಗಾರದ ಒಬ್ಬ ಹುಡುಗನನ್ನು ಇಟ್ಟುಕೊಳ್ಳಿ. ತಪ್ಪು ಪೂರ್ತಿ ಎದುರಿನ ವಾಹನದ್ದು, ಹುಡುಗ ತೀರಿಕೊಂಡ. ವರ್ಷದ ಆದಾಯ 2,16,000. ಮುಂದೆ ಅವನ ಗಳಿಕೆ ಏರುತ್ತಿತ್ತಲ್ಲ, ಅದಕ್ಕೆ ಶೇ. 40 ಸೇರಿಸಬೇಕೆಂದು 2017ರ ಪ್ರಣಯ್ ಸೇಠಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಮೊತ್ತ 3,02,400 ಆಯಿತು. ಅವಿವಾಹಿತನಾದ್ದರಿಂದ ಅರ್ಧ ಅವನ ಸ್ವಂತ ಖರ್ಚೆಂದು ಕಳೆಯುತ್ತಾರೆ, ಉಳಿಯುವುದು 1,51,200. ಅವನ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪು ಗೊತ್ತುಮಾಡಿದ ಗುಣಕ 18. ಗುಣಿಸಿದರೆ 27,21,600. ಇದರ ಮೇಲೆ ಅಂತ್ಯಕ್ರಿಯೆ, ಆಸ್ತಿನಷ್ಟದ ಬಾಬತ್ತು ತಲಾ 15,000, ಮಗನನ್ನು ಕಳೆದುಕೊಂಡ ತಂದೆಗೂ ತಾಯಿಗೂ ತಲಾ 40,000. ಈ ಮೊತ್ತಗಳನ್ನು ಮೂರು ವರ್ಷಕ್ಕೊಮ್ಮೆ ಶೇ. 10 ಏರಿಸಬೇಕೆಂದೂ ಪ್ರಣಯ್ ಸೇಠಿ ತೀರ್ಪಿನಲ್ಲಿದೆ. ಒಟ್ಟು 28 ಲಕ್ಷ ದಾಟುತ್ತದೆ, ಬಡ್ಡಿ ಬೇರೆ.

ಇದೇ ಕುಟುಂಬದ ಮುಂದೆ ಬೇರೊಂದು ಕಾಗದವೂ ಬರಬಹುದು. ಕಾಯ್ದೆಯ 164ನೇ ಕಲಮಿನ ಪ್ರಕಾರ, ಯಾರ ತಪ್ಪೆಂದು ಸಾಧಿಸದೆಯೇ, ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಸಿಗುತ್ತದೆ. ಸಾಕ್ಷಿಯೇ ಇಲ್ಲದವರಿಗೆ ಇದು ದೊಡ್ಡ ಆಸರೆ, ನಾನು ಅದನ್ನು ಹಳಿಯುವುದಿಲ್ಲ. ಆದರೆ 166ನೇ ಕಲಮಿನಲ್ಲಿ ಸೇರಿಸಿರುವ ಒಂದು ವಾಕ್ಯವನ್ನು ಎಲ್ಲರೂ ತಿಳಿದಿರಬೇಕು: 164ರ ಹಣವನ್ನು ಒಪ್ಪಿಕೊಂಡರೆ ನ್ಯಾಯಮಂಡಳಿಯ ಮುಂದಿರುವ ಅರ್ಜಿ ಅಲ್ಲಿಗೇ ಕೊನೆಗೊಳ್ಳುತ್ತದೆ. ತಪ್ಪು ಎದುರಿನವನದೇ ಎಂಬುದಕ್ಕೆ ಪಂಚನಾಮೆ, ಕ್ಯಾಮೆರಾ, ಸಾಕ್ಷಿ ಎಲ್ಲ ಇದ್ದೂ, ಮನೆಯ ಹಫ್ತೆ ಕಟ್ಟುವ ಅವಸರಕ್ಕೆ 5 ಲಕ್ಷದ ಕಾಗದಕ್ಕೆ ಸಹಿ ಬಿದ್ದರೆ ಉಳಿದ 23 ಲಕ್ಷವನ್ನು ಯಾರೂ ತಂದುಕೊಡಲಾರರು. ನನ್ನ ಮಾತೆಲ್ಲ ನಿಂತಿರುವುದು ಈ ಒಂದು ಜಾಗದಲ್ಲಿ. ಆ ಕುಟುಂಬಕ್ಕೆ ನಾಲ್ಕು ತಿಂಗಳ ಬಾಡಿಗೆ, ರೇಷನ್ನು ಸಂಘದಿಂದ ನಡೆದರೆ ಅವಸರದ ಸಹಿಯ ಅಗತ್ಯವೇ ಬೀಳುವುದಿಲ್ಲ. ನೀವು ಎತ್ತುವ ಚಂದಾಹಣ ಇಷ್ಟು ದೊಡ್ಡ ಕೆಲಸ ಮಾಡಬಲ್ಲದು.

ಕಂಪನಿ ತಾನಾಗಿ ರಾಜಿಗೆ ಬರುವುದಕ್ಕೂ ಕ್ರಮವಿದೆ. 2022ರ ಏಪ್ರಿಲ್ 1ರಿಂದ ಬಂದ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ನ್ಯಾಯಮಂಡಳಿಗೆ ಮೊದಲ ವರದಿ, 90 ದಿನದೊಳಗೆ ವಿವರವಾದ ವರದಿ ಕೊಡಬೇಕು. ಸಂತ್ರಸ್ತರ ಹಕ್ಕುಗಳನ್ನು ತಿಳಿಸುವ ನಮೂನೆಯನ್ನು 10 ದಿನದೊಳಗೆ ಕುಟುಂಬದ ಕೈಗೆ ಕೊಡಬೇಕು. ಹೋಗಿ ಕೇಳಿ, ಬಾಯಿಬಿಟ್ಟು ಕೇಳಿದವರಿಗೆ ಸಿಗುತ್ತದೆ. ಕಂಪನಿಯ ಅಧಿಕಾರಿ ನ್ಯಾಯಮಂಡಳಿಯ ಮುಂದೆ ಒಂದು ಮೊತ್ತ ಹೇಳುತ್ತಾರೆ. ಒಪ್ಪಿದರೆ ಅದು ದಾಖಲಾಗಿ 30 ದಿನದಲ್ಲಿ ಹಣ ಬರಬೇಕು. ಒಪ್ಪದಿದ್ದರೆ ವಿಚಾರಣೆಗೆ ದಿನ ಗೊತ್ತಾಗುತ್ತದೆ. ಬೇಡ ಎಂದರೆ ಎಲ್ಲವೂ ಕೈತಪ್ಪುತ್ತದೆ ಎಂದು ಯಾರು ಹೆದರಿಸಿದರೂ ನಂಬಬೇಡಿ. ಹೇಳಿದ ಮೊತ್ತವನ್ನು ಮೇಲಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಲೋಕ ಅದಾಲತ್ತಿನಲ್ಲೂ ಹೀಗೆಯೇ. ಅಲ್ಲಿ ಬೇಗ ಮುಗಿಯುತ್ತದೆ, ಎಷ್ಟೋ ಕುಟುಂಬಗಳಿಗೆ ಒಳ್ಳೆಯದೂ ಆಗಿದೆ. ಆದರೆ ಅಲ್ಲಿ ಒಪ್ಪಿದ್ದಕ್ಕೆ ಮೇಲ್ಮನವಿ ಇಲ್ಲ.

ಈಗ ಮಾಲೀಕರಾದ ನಿಮಗೆ ಒಂದು ಮಾತು. ನೋಯಿಸಬೇಕೆಂದು ಬರೆಯುತ್ತಿಲ್ಲ, ನೊಂದರೂ ಓದಿ. ಮೇಲಿನ ಲೆಕ್ಕ ಶುರುವಾದದ್ದು 18,000ದಿಂದ. ಆ ಹುಡುಗನಿಗೆ ನೀವು ಕೊಡುತ್ತಿದ್ದದ್ದು ಅಷ್ಟೇ ಇರಬಹುದು, ಆದರೆ ಕೈಯಲ್ಲಿ ನಗದಾಗಿ ಕೊಟ್ಟು ಪುಸ್ತಕದಲ್ಲಿ 9,000 ಬರೆದಿದ್ದರೆ 27,21,600 ಇದ್ದದ್ದು 13,60,800 ಆಗುತ್ತದೆ. ಹುಡುಗ ಸತ್ತ ಮೇಲೆ ಪ್ರೀತಿಯಿಂದ ಬರೆದುಕೊಡುವ ಪಗಾರದ ಪತ್ರಕ್ಕೆ, ಬ್ಯಾಂಕಿನ ಒಂದು ದಾಖಲೆಯೂ ಜತೆಗಿಲ್ಲದಿದ್ದರೆ, ಪಾಟೀಸವಾಲಿನಲ್ಲಿ ಬೆಲೆ ಉಳಿಯುವುದಿಲ್ಲ. ದಯವಿಟ್ಟು ಪಗಾರವನ್ನು ಬ್ಯಾಂಕಿಗೆ ಹಾಕಿ. ಪಾರ್ಸೆಲ್ ಕೊಡಲು, ಸಾಮಾನು ತರಲು ಹೋದ ಹುಡುಗ ಬಿದ್ದರೆ ನೌಕರರ ಪರಿಹಾರದ ಕಾನೂನಿನಲ್ಲಿ ಹೊಣೆ ನಿಮ್ಮದೇ, ಅವನಿಗೆ ಇಎಸ್‌ಐ ಇದ್ದರೆ ಆ ಭಾರ ಅಲ್ಲಿಗೆ ಹೋಗುತ್ತದೆ. ಲೈಸೆನ್ಸ್ ಇಲ್ಲದವನ ಕೈಗೆ ಹೊಟೇಲಿನ ಬೈಕಿನ ಕೀಲಿ ಕೊಟ್ಟರೆ, ಅವನು ಯಾರಿಗಾದರೂ ಗುದ್ದಿದ ಪಕ್ಷದಲ್ಲಿ ವಿಮಾ ಕಂಪನಿ ಮೊದಲು ಹಣ ಕಟ್ಟಿ ಆಮೇಲೆ ನಿಮ್ಮಿಂದ ವಸೂಲು ಮಾಡಬಹುದು.

ಬದುಕುಳಿದು ಅಂಗ ಊನವಾದವರ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಬಲಗಾಲಿಗೆ ಶೇ. 30 ಊನ ಎಂದು ವೈದ್ಯರ ಪ್ರಮಾಣಪತ್ರ ಹೇಳಬಹುದು. ಕೂತು ಮಾಡುವ ಕೆಲಸದವನಿಗೆ ಅದರಿಂದ ಗಳಿಕೆ ಅಷ್ಟೇನೂ ಕುಗ್ಗಲಿಕ್ಕಿಲ್ಲ. ದೋಸೆ ಕಾವಲಿಯ ಮುಂದೆ ಹತ್ತು ಗಂಟೆ ನಿಲ್ಲುವವನಿಗೆ ಕೆಲಸವೇ ಹೋಯಿತು. ಶರೀರದ ಊನ ಎಷ್ಟು ಎಂಬುದಕ್ಕಿಂತ ಅವನ ದುಡಿಮೆಗೆ ಎಷ್ಟು ಪೆಟ್ಟು ಎಂಬುದನ್ನು ನೋಡಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ, ರಾಜ್‌ಕುಮಾರ್ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ. ಇದನ್ನು ಸಾಧಿಸಲು ಅವನ ಕೆಲಸ ಏನಿತ್ತೆಂದು ಹೇಳುವವರು ಬೇಕು. ಮಾಲೀಕರೇ, ಆ ಸಾಕ್ಷಿ ನೀವು. ಔಷಧಿ ಚೀಟಿ, ರಿಕ್ಷಾ ಖರ್ಚು, ನೋಡಿಕೊಂಡವರಿಗೆ ಕೊಟ್ಟದ್ದು, ಮುಂದೆ ರಾಡ್ ತೆಗೆಸಲು ಆಗುವ ವೆಚ್ಚದ ಅಂದಾಜು, ಎಲ್ಲದರ ಮೂಲಪ್ರತಿಯನ್ನು ಒಂದು ಫೈಲಿನಲ್ಲಿ ಕಾದಿಡಬೇಕು. ಮೆಡಿಕ್ಲೇಮಿನಿಂದ ಆಸ್ಪತ್ರೆಯ ಬಿಲ್ಲು ಪಾವತಿಯಾಯಿತಲ್ಲ, ಇನ್ನೇನು ಕೇಳುವುದು ಎಂದು ಬಿಟ್ಟುಬಿಡುವವರೂ ಇದ್ದಾರೆ. ಆ ಹಣವನ್ನು ಪರಿಹಾರದಿಂದ ಕಳೆಯಬಾರದೆಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2025ರ ಮಾರ್ಚಿನಲ್ಲಿ ತೀರ್ಪು ಕೊಟ್ಟಿದೆ. ಗಾಯಗೊಂಡವರು ಗೃಹಿಣಿಯಾದರೆ ‘ಆದಾಯವಿಲ್ಲ’ ಎಂದು ಬರೆಸಬೇಡಿ. ಮನೆಗೆಲಸಕ್ಕೂ ಆದಾಯ ಕಟ್ಟಬೇಕೆಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿದೆ.

ಇಲ್ಲಿಯವರೆಗೆ ಹೇಳಿದ್ದು ಎದುರಿಗೊಂದು ವಾಹನ ಇದ್ದಾಗಿನ ಮಾತು. ಗುಂಡಿಗೆ ಬಿದ್ದವನಿಗೆ, ಮಳೆಯಲ್ಲಿ ಜಾರಿದವನಿಗೆ ಥರ್ಡ್ ಪಾರ್ಟಿ ವಿಮೆಯಿಂದ ಒಂದು ರೂಪಾಯಿಯೂ ಬಾರದು. ಅವನ ಪಾಲಿಗಿರುವುದು ಮಾಲೀಕ-ಸವಾರನ ವೈಯಕ್ತಿಕ ಅಪಘಾತ ರಕ್ಷೆ ಮಾತ್ರ. 2018ರಿಂದ ಅದು 15 ಲಕ್ಷ ಇದೆ. ಜೀವ ಹೋದರೆ, ಎರಡು ಅಂಗ ಹೋದರೆ ಪೂರ್ತಿ, ಒಂದು ಅಂಗಕ್ಕೆ ಅರ್ಧ, ಬರಿಯ ಮೂಳೆಮುರಿತಕ್ಕೆ ಏನೂ ಇಲ್ಲ. ಅದೂ ಆರ್‌ಸಿಯಲ್ಲಿ ಹೆಸರಿದ್ದು ಲೈಸೆನ್ಸ್ ಇರುವ ಮಾಲೀಕನಿಗಷ್ಟೇ. ನಮ್ಮ ಹುಡುಗರು ಗೆಳೆಯನ ಬೈಕು, ಹೊಟೇಲಿನ ಬೈಕು, ಹೆಸರು ಬದಲಿಸದೆ ಕೊಂಡ ಕೆಎ-20 ನಂಬರಿನ ಹಳೆ ಬೈಕು ಓಡಿಸುತ್ತಾರೆ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಎರವಲು ಬೈಕಿನಲ್ಲಿ ಹೋಗುತ್ತ, ಮುಂದಿದ್ದ ಎತ್ತಿನಗಾಡಿಗೆ ತಾಗಿ ತೀರಿಕೊಂಡ ಒಬ್ಬರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಎರವಲು ಪಡೆದವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಯಾರ ತಪ್ಪೆಂದು ಸಾಧಿಸದೆ ಸಿಗುವ ಪರಿಹಾರವನ್ನು ಬೈಕಿನ ವಿಮೆಯಿಂದ ಕೇಳಲಾಗದು ಎಂದು 2009ರಲ್ಲಿ ಕೋರ್ಟು ಹೇಳಿತು. ಹಿಂದೆ ಕೂತ ಹೆಂಡತಿಗೂ, ಪಾಲಿಸಿ ಥರ್ಡ್ ಪಾರ್ಟಿ ಮಾತ್ರ ಇದ್ದರೆ, ಅದೇ ಬೈಕಿನ ವಿಮೆ ಒದಗುವುದಿಲ್ಲ, ಪ್ಯಾಕೇಜ್ ಪಾಲಿಸಿ ಇದ್ದರೆ ಒದಗುತ್ತದೆ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಐದು ವರ್ಷದ ವಿಮೆ ಎಂದು ಎಲ್ಲರೂ ನಿಶ್ಚಿಂತರಾಗಿದ್ದೀರಿ. ಐದು ವರ್ಷ ಇರುವುದು ಥರ್ಡ್ ಪಾರ್ಟಿ ಭಾಗ. ನಿಮ್ಮ ಗಾಡಿಯ ನಷ್ಟದ ಭಾಗ ಅನೇಕ ಪಾಲಿಸಿಗಳಲ್ಲಿ ಒಂದೇ ವರ್ಷಕ್ಕೆ ಮುಗಿದಿರುತ್ತದೆ, ಅಪಘಾತ ರಕ್ಷೆಯೂ ಹಾಗೆಯೇ ಮುಗಿದಿರಬಹುದು. ಇವತ್ತೇ ಪಾಲಿಸಿ ತೆಗೆದು ನೋಡಿ. ಮೃತರ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾದದ್ದು ಇದೆಯೇ ಎಂದೂ ನೋಡಿ. ಅದು ಪ್ರಧಾನಮಂತ್ರಿ ಸುರಕ್ಷಾ ವಿಮೆಯ ಕಂತು, ಅಪಘಾತದ ಸಾವಿಗೆ 2 ಲಕ್ಷ ಕೊಡುತ್ತದೆ. ಎಷ್ಟೋ ಮನೆಯವರಿಗೆ ಅದು ಇದ್ದದ್ದೇ ತಿಳಿದಿರುವುದಿಲ್ಲ.

ಗುಂಡಿಯ ವಿಷಯದಲ್ಲಿ ಮಾತ್ರ ಈಗ ಹೊಸದೊಂದು ಬಲ ಬಂದಿದೆ. 2018ರ ಜುಲೈಯಲ್ಲಿ ಕಲ್ಯಾಣದ ಗುಂಡಿಗಳು ಒಬ್ಬರ ಹಿಂದೊಬ್ಬರಂತೆ ಜೀವ ತೆಗೆದದ್ದು ನಿಮಗೆಲ್ಲ ನೆನಪಿದೆ. ಆಗ ಆ ಮನೆಗಳವರು ಯಾರನ್ನು ಕೇಳಬೇಕಿತ್ತು? 2013ರಿಂದ ತಾನಾಗಿಯೇ ಕೈಗೆತ್ತಿಕೊಂಡಿದ್ದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್ 13ರಂದು ಆದೇಶ ಕೊಟ್ಟಿದೆ: ಗುಂಡಿ ಅಥವಾ ತೆರೆದ ಮ್ಯಾನ್‌ಹೋಲಿನಿಂದ ಸತ್ತರೆ ವಾರಸುದಾರರಿಗೆ 6 ಲಕ್ಷ, ಗಾಯಕ್ಕೆ 50 ಸಾವಿರದಿಂದ 2.5 ಲಕ್ಷ. ಕೊಡಬೇಕಾದವರು ಆ ರಸ್ತೆಯ ಹೊಣೆ ಹೊತ್ತ ಪಾಲಿಕೆ ಅಥವಾ ಪ್ರಾಧಿಕಾರ. ಪಾಲಿಕೆಯ ಆಯುಕ್ತರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಯೂ ಇರುವ ಸಮಿತಿ ಅದನ್ನು ತೀರ್ಮಾನಿಸುತ್ತದೆ. ಇದಕ್ಕೂ ಬೇಕಾದ್ದು ಸಾಕ್ಷ್ಯವೇ. ಗುಂಡಿಯ ಫೋಟೋವನ್ನು ಡಾಂಬರು ಬೀಳುವ ಮೊದಲು, ಅಕ್ಕಪಕ್ಕದ ಅಂಗಡಿಯ ಬೋರ್ಡು ಕಾಣುವಂತೆ ತೆಗೆಯಿರಿ. ಇಂಥ ಪ್ರಕರಣದಲ್ಲಿ ಮಾತ್ರ ಕೇಸ್ ಪೇಪರಿನಲ್ಲಿ ‘ಸ್ಲಿಪ್’ ಎಂದಷ್ಟೇ ಬರೆಸದೆ ‘ಗುಂಡಿಯಿಂದ’ ಎಂದೂ ಬರೆಸಿ.

ಗಾಡಿ ರಿಪೇರಿಯ ಕ್ಲೇಮಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸರ್ವೇಯರ್ ನೋಡುವ ಮೊದಲು ಬಿಚ್ಚಿಸಬೇಡಿ. ಪ್ಲಾಸ್ಟಿಕ್, ರಬ್ಬರಿನ ಭಾಗಗಳಿಗೆ ಅರ್ಧ ಬೆಲೆ ಕಳೆಯುತ್ತಾರೆ, ಹೆಚ್ಚುವರಿ ಪ್ರೀಮಿಯಂ ಕಟ್ಟಿದ್ದರೆ ಕಳೆಯುವುದಿಲ್ಲ. ಪಾಲಿಸಿದಾರನಾಗಿ ಕಂಪನಿಯ ಮೇಲೆ ದೂರಿದ್ದರೆ ಮೊದಲು ಕಂಪನಿಗೆ ಲಿಖಿತವಾಗಿ ಕೊಡಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಲೋಕಪಾಲರ ಹತ್ತಿರ ಹೋಗಬಹುದು. 50 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಊರಿನಲ್ಲಿರುವ ತಂದೆತಾಯಿ ಪ್ರತಿ ತಾರೀಕಿಗೂ ಥಾಣೆಗೆ ಬರಬೇಕೇ? ಬೇಕಿಲ್ಲ. ಅಪಘಾತವಾದ ಜಾಗದಲ್ಲಿ ಇಲ್ಲವೇ ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ, ತಮಗೆ ಅನುಕೂಲವಾದ ಕಡೆ ಅರ್ಜಿ ಹಾಕಲು ಕಾಯ್ದೆ ಬಿಡುತ್ತದೆ. ಬೇಲಾಪುರದಲ್ಲಿ ನಡೆದ ಅಪಘಾತಕ್ಕೆ ಉಡುಪಿ ಜಿಲ್ಲೆಯಲ್ಲಿ, ವಿಜಯಪುರ ಜಿಲ್ಲೆಯಲ್ಲಿ, ಕನ್ನಡ ಬಲ್ಲ ವಕೀಲರ ಮೂಲಕ ಕೇಳಬಹುದು. ಇಲ್ಲಿನ ಎಫ್‌ಐಆರ್, ಪಂಚನಾಮೆಯ ನಕಲು ತೆಗೆಸಿ ಅಲ್ಲಿಗೆ ಕಳಿಸುವ ಕೆಲಸ ನಮ್ಮದು. ಅರ್ಜಿಗೆ ಆರು ತಿಂಗಳ ಗಡುವು 2022ರಿಂದ ಇದೆ. ಅದನ್ನು ಪ್ರಶ್ನಿಸಿದ ಪ್ರಕರಣಗಳಲ್ಲಿ, ತಡವೆಂಬ ಕಾರಣಕ್ಕೆ ಅರ್ಜಿ ತಳ್ಳಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆಯಾದರೂ ಅದನ್ನು ನೆಚ್ಚಿ ಕೂರಬೇಡಿ. ಬರುವ ಹಣದಲ್ಲಿ ಇಂತಿಷ್ಟು ಪಾಲು ಎಂದು ಫೀಸು ಗೊತ್ತುಮಾಡಿಕೊಳ್ಳುವುದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಆಸ್ಪತ್ರೆಯ ವಾರ್ಡಿಗೇ ಬಂದು ಶೇಕಡಾವಾರು ಮಾತಾಡುವವರಿಗೆ ಹಾಗೆಂದು ಹೇಳಿ. ಹೆಂಗಸರಿಗೆ, ಪರಿಶಿಷ್ಟರಿಗೆ, ಕಾರ್ಖಾನೆಯ ಕೆಲಸಗಾರರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿಯೇ ವಕೀಲರು ಸಿಗುತ್ತಾರೆ.

ನಮ್ಮ ಹಿರಿಯರು ಮುಂಬಯಿಯಲ್ಲಿ ಹೊಟೇಲು ಹುಡುಗರಿಗಾಗಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. ಹಗಲೆಲ್ಲ ಲೋಟ ತೊಳೆದವರು ಅಲ್ಲಿ ಓದಿ ಬ್ಯಾಂಕಿಗೆ, ಕೋರ್ಟಿಗೆ, ವಿಮಾ ಕಚೇರಿಗೆ ನೌಕರರಾಗಿ ಹೋದರು. ಅವರಲ್ಲಿ ಅನೇಕರು ಈಗ ನಿವೃತ್ತರಾಗಿ ಡೊಂಬಿವಲಿಯಲ್ಲಿ, ವಾಶಿಯಲ್ಲಿ, ಥಾಣೆಯಲ್ಲಿ ನಮ್ಮ ನಡುವೆಯೇ ಇದ್ದಾರೆ. ಈ ಕೆಲಸ ಬಲ್ಲವರನ್ನು ಹೊರಗೆ ಹುಡುಕಬೇಕಾಗಿಲ್ಲ.

ಬರುವ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದನ್ನೊಂದು ವಿಷಯವಾಗಿ ಸೇರಿಸಿ. ಪ್ರತಿ ಸಂಘದಿಂದ ಮೂವರನ್ನು ಹೆಸರಿಸಿ: ಮರಾಠಿ ಕಾಗದ ಓದಬಲ್ಲವರೊಬ್ಬರು, ವಿಮೆ ಅಥವಾ ಬ್ಯಾಂಕಿನಲ್ಲಿ ದುಡಿದವರೊಬ್ಬರು, ವಕೀಲರೊಬ್ಬರು. ಅವರ ಫೋನ್ ನಂಬರನ್ನು ನಿಮ್ಮ ಹೊಟೇಲಿನ ಅಡುಗೆಮನೆಯ ಗೋಡೆಗೆ, ಹುಡುಗರು ಮಲಗುವ ಕೋಣೆಯ ಬಾಗಿಲಿಗೆ ಅಂಟಿಸಿ. ಮಳೆಗಾಲ ಶುರುವಾಗುವ ಮೊದಲು ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ತಮ್ಮ ಆರ್‌ಸಿ, ಲೈಸೆನ್ಸು, ಪಾಲಿಸಿ ತಂದು ತೋರಿಸುವಂತೆ ಕರೆಯಿರಿ. ಸಭಾಂಗಣ ನಿಮ್ಮದು, ಚಹಾ ನಮ್ಮ ಖರ್ಚು. ಆ ದಿನ ಬೆಳಗಿನಿಂದ ಸಂಜೆಯವರೆಗೆ ಪಾಲಿಸಿ ಓದಿ ಹೇಳಲು ನಾನು ಬರುತ್ತೇನೆ.

ಇತಿ,
ನಿಮ್ಮ ಸಂಘದ ಸದಸ್ಯ,
ಡೊಂಬಿವಲಿ ಪೂರ್ವ